ಹೊಳಪು ಕೊಡುವ ಮೊದಲು: ಹಳೆಯ ವಿಜ್ಞಾನ ಮಾದರಿಯೊಂದರ ಸಂರಕ್ಷಣೆಯನ್ನು ಪಾಠವಾಗಿಸಿದ ಅನುಭವ

ಪೀಠಿಕೆ

ಅಭ್ಯಾಸ ಬೋಧನೆಗೆ ಹೊರಡುವ ಪ್ರಶಿಕ್ಷಣಾರ್ಥಿಗಳಿಗೆ ನಾವು ತಪ್ಪದೆ ಹೇಳುವ ಮಾತೊಂದಿದೆ: 'ಶಾಲೆಯಲ್ಲಿ ಏನಿದೆಯೋ ಅದನ್ನೇ ಬೋಧನೋಪಕರಣವಾಗಿ ಬಳಸಿ.' ಮಾತು ಸರಿಯಾದದ್ದೇ. ಆದರೆ ಶಾಲೆಯ ಕಪಾಟಿನಲ್ಲಿರುವ ವಸ್ತು ಐವತ್ತು ಅರವತ್ತು ವರ್ಷ ಹಳೆಯದಾಗಿದ್ದರೆ ಅದನ್ನು ಹೇಗೆ ಮುಟ್ಟಬೇಕು ಎಂಬುದನ್ನು ನಾವು ಕಲಿಸುವುದಿಲ್ಲ. ನಾನೂ ಕಲಿಸಿರಲಿಲ್ಲ. ಅದರಿಂದ ಮುದಗಲ್ಲಿನ ಒಂದು ಪ್ರೌಢಶಾಲೆಯಲ್ಲಿ ಒಂದು ಸಣ್ಣ ನಷ್ಟವಾಯಿತು. ಆ ನಷ್ಟವನ್ನೇ ಹತ್ತನೇ ತರಗತಿಯ ವಿಜ್ಞಾನ ಪಾಠವಾಗಿ ಮಾರ್ಪಡಿಸಿದ ಬಗೆಯನ್ನು ಈ ಲೇಖನದಲ್ಲಿ ವಿವರಿಸಿದ್ದೇನೆ. ತಪ್ಪು ಪ್ರಶಿಕ್ಷಣಾರ್ಥಿಯದಲ್ಲ, ಮಾರ್ಗದರ್ಶನ ಮಾಡಿದ ನನ್ನದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಕಪಾಟಿನಲ್ಲಿ ಸಿಕ್ಕ ಮಾದರಿ

ಪ್ರಯೋಗಾಲಯದ ಕಪಾಟಿನ ಮೇಲ್ಗಡೆ, ಹರಿದ ನಕ್ಷೆಗಳ ಹಿಂದೆ, ಧೂಳು ತುಂಬಿದ ಒಂದು ಮಾದರಿ ಇತ್ತು. ಮರದ ಪೀಠ, ಅದರ ನಡುವೆ ಹಿತ್ತಾಳೆಯ ಕಂಬ, ಕಂಬದಿಂದ ಹೊರಟ ಉದ್ದನೆಯ ತೋಳು. ನಡುವೆ ಸೂರ್ಯನ ಗುಂಡು, ತೋಳಿನ ತುದಿಯಲ್ಲಿ ಭೂಮಿಯ ಗೋಳ, ಅದರ ಪಕ್ಕದಲ್ಲಿ ತಂತಿಯ ಮೇಲೆ ನಿಂತ ಚಿಕ್ಕ ಚಂದ್ರ. ಹಿಡಿಕೆ ತಿರುಗಿಸಿದರೆ ಮೂರೂ ಚಲಿಸುವಂತೆ ಮಾಡಿದ ಇಂಥ ಮಾದರಿಗೆ ಟೆಲ್ಯೂರಿಯನ್ ಎನ್ನುತ್ತಾರೆ. ಹಗಲು ರಾತ್ರಿ, ಋತುಗಳು, ಚಂದ್ರನ ಕಲೆಗಳು, ಗ್ರಹಣ, ಇಷ್ಟನ್ನೂ ಒಂದೇ ಮಾದರಿಯಲ್ಲಿ ತೋರಿಸಬಹುದು.

ಪ್ರಶಿಕ್ಷಣಾರ್ಥಿಗೆ ಬಹಳ ಸಂತೋಷವಾಯಿತು. ನನಗೂ ಆಯಿತು. 'ಚೆನ್ನಾಗಿ ಸ್ವಚ್ಛ ಮಾಡಿ, ಬಣ್ಣ ಹೋದಲ್ಲಿ ಬಣ್ಣ ಬಳಿದು, ಕನ್ನಡದಲ್ಲಿ ಹೆಸರು ಬರೆದು ಬಳಸಿ' ಎಂದು ಹೇಳಿ ನಾನು ಬೇರೆ ಶಾಲೆಯ ಪಾಠ ವೀಕ್ಷಣೆಗೆ ಹೋದೆ. ಮರುದಿನ ಬರುವಷ್ಟರಲ್ಲಿ ಕೆಲಸ ಅರ್ಧ ಮುಗಿದಿತ್ತು. ಮಕ್ಕಳು ಮನೆಯಿಂದ ಹುಣಸೆಹಣ್ಣು ತಂದು ಹಿತ್ತಾಳೆಯ ತೋಳನ್ನು ಒಂದು ಬದಿ ತಿಕ್ಕಿದ್ದರು. 'ನೋಡ್ರಿ ಸರ್, ಬಂಗಾರದಂಗ ಹೊಳಿತದ' ಎಂದು ತೋರಿಸಿದರು. ಚಂದ್ರನ ಕೆಳಗೆ ಅಂಟಿಸಿದ್ದ ಹಳೆಯ ಕಾಗದದ ಚೀಟಿಯನ್ನು ಒದ್ದೆ ಬಟ್ಟೆಯಿಂದ ನೆನೆಸಿ ಕೆರೆದು ತೆಗೆದಿದ್ದರು. ಸೂರ್ಯ ಮತ್ತು ಭೂಮಿಯ ಚೀಟಿಗಳು ಇನ್ನೂ ಉಳಿದಿದ್ದವು. ನೀಲಿ ಎನಾಮಲ್ ಬಣ್ಣದ ಡಬ್ಬಿ ತೆರೆದು ಬ್ರಷ್ ಅದ್ದುವುದಷ್ಟೇ ಬಾಕಿ ಇತ್ತು.

ಆಗ ಒಬ್ಬ ವಿದ್ಯಾರ್ಥಿನಿ, 'ಸರ್, ಇದು ಉರ್ದು ಅದ. ನಮ್ಮ ಅಜ್ಜಗ ಓದಾಕ ಬರ್ತದ್ರಿ' ಎಂದಳು. ಆ ಮಾತಿನಿಂದ ಬ್ರಷ್ ನಿಂತಿತು. ಮಧ್ಯಾಹ್ನ ಅಜ್ಜ ಶಾಲೆಗೆ ಬಂದರು. ಕನ್ನಡಕ ಹಾಕಿಕೊಂಡು ಸೂರ್ಯನ ಚೀಟಿ ಓದಿದರು: ಆಫ್ತಾಬ್. ಭೂಮಿಯದು: ಜಮೀನ್. ಚಂದ್ರನ ಕೆಳಗೆ ಅಂಟಿನ ಕಲೆ ಮಾತ್ರ ಇತ್ತು. 'ಇಲ್ಲಿ ಏನು ಬರೆದಿರಬಹುದು?' ಎಂದು ನಾನು ಕೇಳಿದೆ. 'ಚಾಂದ್ ಅಂತ ಇರಬಹುದು, ಮಾಹ್ತಾಬ್ ಇರಬಹುದು, ಕಮರ್ ಅಂತನೂ ಇರಬಹುದು. ಮೂರರಾಗ ಯಾವುದು ಅಂತ ನಾ ಹೆಂಗ ಹೇಳ್ಲಿರಿ ಸರ್? ಕಾಗದ ಇದ್ದಿದ್ರ ಓದ್ತಿದ್ದೆ' ಎಂದರು.

ಕಳೆದುಹೋದದ್ದು ಒಂದೇ ಶಬ್ದ. ಆದರೆ ಆ ಶಬ್ದಕ್ಕೆ ಬೆಲೆ ಇತ್ತು. ಮುದಗಲ್, ಲಿಂಗಸುಗೂರು, ಮಸ್ಕಿ, ಸಿಂಧನೂರುಗಳೆಲ್ಲ 1948ರ ಸೆಪ್ಟೆಂಬರಿನವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಸಂಸ್ಥಾನದಲ್ಲಿ ಉರ್ದು ಆಡಳಿತ ಭಾಷೆ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ವಿಜ್ಞಾನವನ್ನೂ ಉರ್ದುವಿನಲ್ಲಿಯೇ ಕಲಿಸಿತು. ನಮ್ಮ ಭಾಗದ ಹಿರಿಯರು ಶಾಲೆಯಲ್ಲಿ ವಿಜ್ಞಾನವನ್ನು ಯಾವ ಶಬ್ದಗಳಲ್ಲಿ ಕಲಿತರು? ಆಡುಮಾತಿನ 'ಚಾಂದ್' ಬಳಸಿದರೋ, ಗ್ರಂಥಭಾಷೆಯ 'ಕಮರ್' ಬಳಸಿದರೋ? ಈ ಪ್ರಶ್ನೆಗೆ ಉತ್ತರ ಕೊಡಬಹುದಾದ ಒಂದು ಸಾಕ್ಷ್ಯವನ್ನು ನಾವು ಒದ್ದೆ ಬಟ್ಟೆಯಿಂದ ಒರೆಸಿಹಾಕಿದ್ದೆವು.

ಒಂದು ಶಬ್ದದ ಬೆಲೆ ನಮ್ಮ ಭಾಗದವರಿಗೆ ಹೊಸ ವಿಷಯವಲ್ಲ. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಮಸ್ಕಿಯಲ್ಲಿ ಗುರುತಿಸಿದ ಬಂಡೆಗಲ್ಲಿನ ಶಾಸನದಲ್ಲಿ 'ಅಶೋಕ' ಎಂಬ ಹೆಸರು ಸಿಕ್ಕಿತು. ಅದುವರೆಗೆ ಶಾಸನಗಳಲ್ಲಿ 'ದೇವಾನಾಂಪಿಯ' ಎಂದು ಕರೆಸಿಕೊಂಡ ರಾಜ ಅಶೋಕನೇ ಎಂಬುದಕ್ಕೆ ಆ ಒಂದು ಹೆಸರು ಆಧಾರವಾಯಿತು. ಆ ಬಂಡೆಯನ್ನು ಯಾರಾದರೂ ಹೊಳಪಿಗಾಗಿ ಉಜ್ಜಿದ್ದರೆ?

ದೊಡ್ಡ ವಸ್ತುಸಂಗ್ರಹಾಲಯಗಳ ಎರಡು ಉದಾಹರಣೆಗಳು

ಪಾಠ ಯೋಜಿಸುವ ಮೊದಲು ಪ್ರಶಿಕ್ಷಣಾರ್ಥಿಯೂ ನಾನೂ ಸೇರಿ ಎರಡು ಉದಾಹರಣೆಗಳನ್ನು ಅಧ್ಯಯನ ಮಾಡಿದೆವು.

ಮೊದಲನೆಯದು ಟಿಪ್ಪುವಿನ ಹುಲಿ. ಯುರೋಪಿನ ಸೈನಿಕನೊಬ್ಬನ ಮೇಲೆ ಎರಗಿದ ಹುಲಿಯ ಮರದ ಮಾದರಿ ಇದು. ಗಾತ್ರದಲ್ಲಿ ಹೆಚ್ಚುಕಡಿಮೆ ನಿಜವಾದ ಹುಲಿಯಷ್ಟೇ ಇದೆ. ಒಳಗೆ ಯಂತ್ರವಿದೆ. ಹಿಡಿಕೆ ತಿರುಗಿಸಿದರೆ ತಿದಿಗಳು ಒತ್ತಿ ಗಾಳಿ ಕೊಳವೆಗಳಿಗೆ ನುಗ್ಗುತ್ತದೆ. ಸೈನಿಕನ ಕೈ ಮೇಲೇಳುತ್ತದೆ, ಅವನ ನರಳಾಟವೂ ಹುಲಿಯ ಗುರುಗುಟ್ಟುವಿಕೆಯೂ ಕೇಳಿಸುತ್ತವೆ. ಹುಲಿಯ ಪಕ್ಕೆಯೊಳಗೆ 18 ಕೀಲಿಗಳ ಆರ್ಗನ್ ವಾದ್ಯವೂ ಇದೆ. ತಿದಿ, ಗಾಳಿಯ ಒತ್ತಡ, ಕಂಪನ, ಶಬ್ದ ಎಲ್ಲವನ್ನೂ ತೋರಿಸುವ ಮಾದರಿ ಎಂದರೂ ನಡೆಯುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇದನ್ನು ಅರಮನೆಯಿಂದ ಒಯ್ದರು. 1808ರಿಂದ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಕಟ್ಟಡದಲ್ಲಿ ಪ್ರದರ್ಶನಕ್ಕಿಟ್ಟರು.

ಅಲ್ಲಿ ನಡೆದದ್ದನ್ನು ನಾವು ಗಮನಿಸಬೇಕು. ಬಂದವರೆಲ್ಲ ಹಿಡಿಕೆ ತಿರುಗಿಸಿ ಹುಲಿಯನ್ನು ಗರ್ಜಿಸಿದರು. ಪಕ್ಕದ ಗ್ರಂಥಾಲಯದಲ್ಲಿ ಓದುವವರಿಗೆ ಕಿರಿಕಿರಿಯಾಯಿತು, ಯಂತ್ರವೂ ಸವೆಯಿತು. ಕೊನೆಗೆ ಹಿಡಿಕೆಯೇ ಇಲ್ಲವಾಯಿತು. ಮುಂದೆ ಹುಲಿ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯ ಸೇರಿತು. ಎರಡನೆಯ ಮಹಾಯುದ್ಧದಲ್ಲಿ ಬಾಂಬಿನಿಂದ ಮೇಲ್ಛಾವಣಿ ಅದರ ಮೇಲೆ ಕುಸಿದು ಮರದ ಮೈ ನೂರಾರು ಚೂರುಗಳಾಯಿತು. ಆ ಚೂರುಗಳನ್ನು ಒಂದೊಂದಾಗಿ ಜೋಡಿಸಿ 1947ರ ಹೊತ್ತಿಗೆ ಮತ್ತೆ ಪ್ರದರ್ಶನಕ್ಕಿಟ್ಟರು. ಹೊರಮೈ ಉಳಿಯಿತು. ಆದರೆ ಒಳಗಿನ ಯಂತ್ರ ಹಲವು ಸಲ ದುರಸ್ತಿಯಾಗಿ ಮೂಲದ ರಚನೆ ಬಹಳಷ್ಟು ಬದಲಾಗಿದೆ. ಹೀಗಾಗಿ ಇಂದು ಆ ಹುಲಿಯನ್ನು ನುಡಿಸಿದರೂ ಟಿಪ್ಪು ಕೇಳಿದ ಸ್ವರವೇ ಅದು ಎನ್ನಲು ಬರುವುದಿಲ್ಲ. ಬಾಂಬು ಮಾಡಿದ ಹಾನಿಯನ್ನು ತಾಳ್ಮೆಯಿಂದ ಸರಿಪಡಿಸಲು ಸಾಧ್ಯವಾಯಿತು; ದಾಖಲೆ ಇಲ್ಲದ ದುರಸ್ತಿ ಮಾಡಿದ ಹಾನಿಯನ್ನು ಸರಿಪಡಿಸಲು ಆಗಲಿಲ್ಲ.

ಎರಡನೆಯದು ಡಿಎನ್‌ಎ ಮಾದರಿ. 1953ರಲ್ಲಿ ಕೇಂಬ್ರಿಜ್‌ನಲ್ಲಿ ವಾಟ್ಸನ್ ಮತ್ತು ಕ್ರಿಕ್ ಲೋಹದ ತಗಡು, ಸರಳು, ಹಿಡಿಕೆಗಳಿಂದ ಜೋಡಿ ಸುರುಳಿಯ ಮಾದರಿ ಕಟ್ಟಿದರು. ಅವರ ಲೇಖನ ಅದೇ ವರ್ಷ ಏಪ್ರಿಲ್ 25ರ 'ನೇಚರ್' ಪತ್ರಿಕೆಯಲ್ಲಿ ಬಂದಿತು. ಕೆಲಸ ಮುಗಿದ ಮೇಲೆ ಮಾದರಿಯನ್ನು ಬಿಚ್ಚಿದರು. ಅದು ಮುಂದೆ ಚರಿತ್ರೆಯ ವಸ್ತುವಾಗುತ್ತದೆಂದು ಆಗ ಯಾರೂ ಎಣಿಸಿರಲಿಲ್ಲ. 1970ರ ದಶಕದಲ್ಲಿ, ಉಳಿದಿದ್ದ ಕೆಲವು ಮೂಲ ತಗಡುಗಳನ್ನು ಬಳಸಿ ಮಾದರಿಯನ್ನು ಮತ್ತೆ ಕಟ್ಟಲಾಯಿತು. ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿ ಇರುವುದು ಅದೇ. ಇದು ಪುನರ್ರಚನೆ, ಇದರಲ್ಲಿ ಕೆಲವು ಮೂಲ ತಗಡುಗಳಿವೆ ಎಂದು ಅಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ಈ ಪ್ರಾಮಾಣಿಕತೆಯಿಂದ ವಸ್ತುವಿನ ಗೌರವ ಕಡಿಮೆಯಾಗಿಲ್ಲ.

ಸಂರಕ್ಷಣೆಯ ನಾಲ್ಕು ನಿಯಮಗಳು

ಈ ಎರಡು ಉದಾಹರಣೆಗಳಿಂದ, ತಜ್ಞರು ಪಾಲಿಸುವ ನಾಲ್ಕು ನಿಯಮಗಳನ್ನು ಹತ್ತನೇ ತರಗತಿಯ ಮಕ್ಕಳಿಗೆ ತಿಳಿಯುವ ಮಾತಿನಲ್ಲಿ ಹೀಗೆ ಬರೆದುಕೊಂಡೆವು.

1. ಮೊದಲು ದಾಖಲೆ, ಆಮೇಲೆ ಕೆಲಸ. ಮುಟ್ಟುವ ಮೊದಲು ನಾಲ್ಕೂ ಬದಿಯಿಂದ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಬೇಕು. ಎಲ್ಲಿ ಬಿರುಕು, ಎಲ್ಲಿ ತುಕ್ಕು, ಎಲ್ಲಿ ಬರಹ ಎಂದು ಬರೆಯಬೇಕು.

2. ಅಗತ್ಯವಿರುವಷ್ಟೇ ಮಾಡಬೇಕು. ಹಾನಿ ಮುಂದುವರಿಯದಂತೆ ತಡೆಯುವುದು ಗುರಿ, ಹೊಸದರಂತೆ ಮಾಡುವುದಲ್ಲ. ಸ್ಮಾರಕಗಳ ಕುರಿತ 1964ರ ವೆನಿಸ್ ಸನ್ನದು ಹೇಳುವ ತಾತ್ಪರ್ಯವೂ ಇದೇ: ಊಹೆ ಶುರುವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕು.

3. ಮಾಡಿದ್ದನ್ನು ಮುಂದೆ ಬಿಡಿಸಲು ಬರಬೇಕು. ಎದ್ದ ಕಾಗದದ ಅಂಚಿಗೆ ಗೋಧಿಹಿಟ್ಟಿನ ಅಂಟು ಹಚ್ಚಿದರೆ ನಾಳೆ ತೇವ ಕೊಟ್ಟು ಬಿಡಿಸಬಹುದು. ಎರಡು ಟ್ಯೂಬ್ ಬೆರೆಸಿ ಹಚ್ಚುವ ಎಪಾಕ್ಸಿ ಅಂಟು ಹಾಕಿದರೆ ಬಿಡಿಸುವಾಗ ವಸ್ತುವೇ ಒಡೆಯುತ್ತದೆ.

4. ಹಳೆಯದು ಯಾವುದು, ಹೊಸದು ಯಾವುದು ಎಂಬುದು ತಿಳಿಯಬೇಕು. ಹೊಸ ಭಾಗ ಹಾಕಿದರೆ ಅದನ್ನು ಮರೆಮಾಚದೆ ಫಲಕದಲ್ಲಿ ಬರೆಯಬೇಕು.

ಈ ನಿಯಮಗಳನ್ನು ನಮ್ಮ ಮಾದರಿಗೆ ಅನ್ವಯಿಸಿದಾಗ ಒಂದು ಕುತೂಹಲದ ಸಂಗತಿ ಗೊತ್ತಾಯಿತು. ತೋಳಿನೊಳಗೆ ಒಂದು ಸಣ್ಣ ಸರಪಳಿ ಇದ್ದು ಅದು ತುಂಡಾಗಿತ್ತು. ಅದರ ಬದಲು ಗಟ್ಟಿ ದಾರ ಕಟ್ಟಿ ತಿರುಗಿಸೋಣ ಎಂದು ಪ್ರಶಿಕ್ಷಣಾರ್ಥಿ ಸೂಚಿಸಿದರು. ಸರಪಳಿಯ ಕೆಲಸವೇನೆಂದು ನೋಡಿದೆವು. ನಡುಗಂಬದ ಹಲ್ಲುಚಕ್ರ ತಿರುಗುವುದಿಲ್ಲ, ಸ್ಥಿರವಾಗಿದೆ. ತೋಳಿನ ತುದಿಯಲ್ಲಿ, ಭೂಮಿಯ ಅಕ್ಷವನ್ನು ಹೊತ್ತ ಚಕ್ರಕ್ಕೂ ಅಷ್ಟೇ ಹಲ್ಲುಗಳು. ಎರಡನ್ನೂ ಸರಪಳಿ ಬಿಗಿದಿರುವುದರಿಂದ ತೋಳು ಸೂರ್ಯನ ಸುತ್ತ ಎಲ್ಲಿಗೆ ಹೋದರೂ ಭೂಮಿಯ 23.5 ಡಿಗ್ರಿ ಓರೆ ಅಕ್ಷ ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತದೆ. ಋತುಗಳು ಆಗುವುದಕ್ಕೆ ಕಾರಣವೇ ಅದು. ದಾರ ಕಟ್ಟಿದರೆ ಅದು ಜಾರುತ್ತದೆ, ಅಕ್ಷದ ದಿಕ್ಕು ತಪ್ಪುತ್ತದೆ. ಮಾದರಿ ತಿರುಗುತ್ತದೆ, ಆದರೆ ತಪ್ಪು ಕಲಿಸುತ್ತದೆ. ಕೆಟ್ಟು ನಿಂತ ಮಾದರಿ ಸುಳ್ಳು ಹೇಳುವುದಿಲ್ಲ. ಅರೆಬರೆ ದುರಸ್ತಿಯಾದ ಮಾದರಿ ಹೇಳಬಹುದು. ಆದ್ದರಿಂದ ಸರಪಳಿಯನ್ನು ಹಾಗೆಯೇ ಬಿಟ್ಟು, ತುಂಡುಗಳನ್ನು ಲಕೋಟೆಯಲ್ಲಿ ಹಾಕಿ ಹೆಸರು ಬರೆದು ಪೀಠದ ಜೊತೆಗಿಟ್ಟೆವು.

ಪಾಠ ಯೋಜನೆ

ತರಗತಿ: 10. ವಿಷಯ: ವಿಜ್ಞಾನ. ಘಟಕ: ಲೋಹಗಳು ಮತ್ತು ಅಲೋಹಗಳು. ಉಪಘಟಕ: ಲೋಹಗಳ ನಶಿಸುವಿಕೆ ಮತ್ತು ಮಿಶ್ರಲೋಹಗಳು. ಅವಧಿ: 45 ನಿಮಿಷಗಳ ಎರಡು ತರಗತಿ.

ಕಲಿಕಾ ಫಲಗಳು: ವಿದ್ಯಾರ್ಥಿಯು
- ಹಿತ್ತಾಳೆಯು ತಾಮ್ರ ಮತ್ತು ಸತುವಿನ ಮಿಶ್ರಲೋಹವೆಂದು ಗುರುತಿಸಿ, ಅದು ಮಂಕಾಗುವುದಕ್ಕೆ ಕಾರಣ ಹೇಳುವನು/ಳು.
- ಹುಳಿ ಪದಾರ್ಥದಿಂದ ಲೋಹ ಹೊಳೆಯುವುದು ರಾಸಾಯನಿಕ ಕ್ರಿಯೆಯಿಂದ ಎಂಬುದನ್ನು ಪ್ರಯೋಗದಿಂದ ತೋರಿಸುವನು/ಳು.
- ಬಳಕೆಯ ವಸ್ತು ಮತ್ತು ಸಂಗ್ರಹಯೋಗ್ಯ ವಸ್ತುಗಳಿಗೆ ಬೇರೆ ಬೇರೆ ಆರೈಕೆ ಏಕೆ ಬೇಕೆಂದು ವಿವರಿಸುವನು/ಳು.
- ಹಳೆಯ ವಸ್ತುವೊಂದಕ್ಕೆ ಸ್ಥಿತಿಪತ್ರ ತಯಾರಿಸುವನು/ಳು.

ಸಾಮಗ್ರಿಗಳು: ಮಂಕಾದ ತಾಮ್ರದ ತಂತಿ ಅಥವಾ ತಗಡಿನ ತುಂಡುಗಳು, ನಿಂಬೆರಸ, ಪ್ರನಾಳಗಳು, ಸೋಸುಕಾಗದ, ಅಮೋನಿಯ ದ್ರಾವಣ, ಭೂತಗನ್ನಡಿ, ಮೃದುವಾದ ಬ್ರಷ್, ಹತ್ತಿ, ಕೈಗವಸು, ಅಳತೆಪಟ್ಟಿ.

ತೊಡಗಿಸಿಕೊಳ್ಳುವಿಕೆ. ಅರ್ಧ ಹೊಳೆಯುವ, ಅರ್ಧ ಮಂಕಾದ ಹಿತ್ತಾಳೆಯ ತೋಳನ್ನು ದೂರದಿಂದ ತೋರಿಸಿ, 'ಎರಡರಲ್ಲಿ ಯಾವ ಬದಿ ಚೆನ್ನಾಗಿದೆ?' ಎಂದು ಪ್ರಶಿಕ್ಷಣಾರ್ಥಿ ಕೇಳಿದರು. ಎಲ್ಲರೂ ಹೊಳೆಯುವ ಬದಿ ಎಂದರು. ನಂತರ ಭೂತಗನ್ನಡಿ ಕೊಟ್ಟು ಇಬ್ಬಿಬ್ಬರನ್ನು ಹತ್ತಿರ ಕರೆದರು. ಮಂಕಾದ ಬದಿಯಲ್ಲಿ ಅರದಿಂದ ಉಜ್ಜಿದ ಸೂಕ್ಷ್ಮ ಗೆರೆಗಳೂ, ಚಕ್ರ ಕೂರಿಸಲು ಕುಶಲಕರ್ಮಿ ಗೀಚಿಕೊಂಡ ಗುರುತೂ ಕಂಡವು. ಹೊಳೆಯುವ ಬದಿಯಲ್ಲಿ ಮಕ್ಕಳ ತೆಂಗಿನ ನಾರಿನ ಗೀರುಗಳು ಮಾತ್ರ ಕಂಡವು. ಮೊದಲಿನ ಉತ್ತರವನ್ನು ಯಾರೂ ಮತ್ತೆ ಹೇಳಲಿಲ್ಲ.

ಪರಿಶೋಧನೆ. ಪ್ರತಿ ಗುಂಪಿಗೂ ಮಂಕಾದ ತಾಮ್ರದ ತುಂಡು ಮತ್ತು ನಿಂಬೆರಸ ಕೊಡಲಾಯಿತು. ಹುಣಸೆಹಣ್ಣಿನಲ್ಲಿ ಟಾರ್ಟಾರಿಕ್ ಆಮ್ಲ, ನಿಂಬೆಯಲ್ಲಿ ಸಿಟ್ರಿಕ್ ಆಮ್ಲ ಇದೆಯೆಂದು ಮಕ್ಕಳಿಗೆ ಹಿಂದಿನ ಘಟಕದಿಂದ ಗೊತ್ತಿತ್ತು. ಪೂರ್ವಪ್ರಯೋಗದಲ್ಲಿ ಹುಣಸೆರಸ ಬಳಸಿದಾಗ ಅದರ ಕಂದು ಬಣ್ಣದಲ್ಲಿ ಏನೂ ಕಾಣಿಸಲಿಲ್ಲ. ಆದ್ದರಿಂದ ಸೋಸಿದ ನಿಂಬೆರಸಕ್ಕೆ ಬದಲಾಯಿಸಿದೆವು. ತುಂಡನ್ನು ಕೆಲವು ನಿಮಿಷ ರಸದಲ್ಲಿ ಮುಳುಗಿಸಿ ತೆಗೆದಾಗ ಅದು ಹೊಳೆಯಿತು. ಉಳಿದ ರಸವನ್ನು ಪ್ರನಾಳಕ್ಕೆ ಸೋಸಿ, ಪ್ರಶಿಕ್ಷಣಾರ್ಥಿಯೇ ಕಿಟಕಿಯ ಹತ್ತಿರ ನಿಂತು ಅಮೋನಿಯ ದ್ರಾವಣವನ್ನು ಹನಿಹನಿಯಾಗಿ, ಆಮ್ಲ ಮುಗಿದು ಹೆಚ್ಚಾಗುವವರೆಗೆ ಸೇರಿಸಿದರು. ದ್ರಾವಣ ನೀಲಿಯಾಯಿತು. ತಾಮ್ರದ ಅಯಾನುಗಳಿದ್ದರೆ ಬರುವ ಬಣ್ಣ ಅದು.

ವಿವರಣೆ. 'ನೀಲಿ ಎಲ್ಲಿಂದ ಬಂತು?' ಎಂಬ ಪ್ರಶ್ನೆಯಿಂದ ವಿವರಣೆ ಹೊರಟಿತು. ಗಾಳಿ, ತೇವ ಮತ್ತು ಇಂಗಾಲದ ಡೈಆಕ್ಸೈಡ್‌ಗಳಿಂದ ತಾಮ್ರದ ಮೇಲೆ ಆಕ್ಸೈಡ್, ಕಾರ್ಬೊನೇಟ್‌ಗಳ ಪದರ ಬೆಳೆಯುತ್ತದೆ. ಆಮ್ಲ ಆ ಪದರವನ್ನು ಕರಗಿಸುತ್ತದೆ. ಪದರದಲ್ಲಿದ್ದ ತಾಮ್ರ ವಸ್ತುವಿನದೇ. ಅಂದರೆ ಪ್ರತಿಸಲ ಹೊಳಪು ಬಂದಾಗ ವಸ್ತು ಸ್ವಲ್ಪ ತೆಳುವಾಗುತ್ತದೆ. ಹಿತ್ತಾಳೆಯಲ್ಲಿ ಇನ್ನೊಂದು ತೊಂದರೆ ಇದೆ: ಸತು ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲ. ಆಮ್ಲದ ಸಂಪರ್ಕದಲ್ಲಿ ಮೇಲ್ಮೈಯ ಸತು ಮೊದಲು ಹೋಗಿ ಕೆಂಪು ಛಾಯೆಯ ಕಲೆ ಉಳಿಯಬಹುದು. ಕ್ರಿಯಾಶೀಲತೆಯ ಸರಣಿಯನ್ನು ಕಂಠಪಾಠ ಮಾಡಿದ್ದ ಮಕ್ಕಳಿಗೆ ಅದರ ಉಪಯೋಗ ಇಲ್ಲಿ ಕಣ್ಣೆದುರು ಕಂಡಿತು. ತೊಳೆಯದೆ ಕೀಲುಗಳಲ್ಲಿ ಉಳಿದ ಹುಳಿ ತಿಂಗಳುಗಟ್ಟಲೆ ಕೆಲಸ ಮಾಡುತ್ತಲೇ ಇರುತ್ತದೆ ಎಂಬುದನ್ನೂ ತೋರಿಸಲಾಯಿತು.

ಆಗ ಒಬ್ಬ ಹುಡುಗ, 'ನಮ್ಮವ್ವ ದಿನಾ ಕೊಡ ತಿಕ್ಕತಾಳ್ರಿ ಟೀಚರ್, ಅದು ತಪ್ಪೇನ್ರಿ?' ಎಂದು ಕೇಳಿದ. ಇಡೀ ಪಾಠದಲ್ಲಿ ಅತ್ಯುತ್ತಮ ಪ್ರಶ್ನೆ ಇದೇ. ಪ್ರಶಿಕ್ಷಣಾರ್ಥಿ ತಡಮಾಡದೆ, 'ತಪ್ಪಲ್ಲ. ಕೊಡ ನೀರು ತುಂಬಲು ಇದೆ. ಅದು ಸ್ವಚ್ಛ ಇರಲೇಬೇಕು. ಇದು ಹಿಂದಿನವರು ಹೇಗೆ ಕಲಿತರು ಎಂದು ಹೇಳಲು ಇದೆ. ಯಾವುದಕ್ಕೆ ಯಾವ ಕೆಲಸ ಎಂದು ನೋಡಿ ಆರೈಕೆ ಮಾಡಬೇಕು' ಎಂದರು. ತಾಯಿಯ ಕೆಲಸವನ್ನು ಅಜ್ಞಾನವೆಂದು ಹೇಳದೆ ವಿಜ್ಞಾನ ಹೇಳಿದ ಈ ಉತ್ತರವನ್ನು ನಾನು ವೀಕ್ಷಣಾ ಪುಸ್ತಕದಲ್ಲಿ ವಿಶೇಷವಾಗಿ ದಾಖಲಿಸಿದ್ದೇನೆ.

ವಿಸ್ತರಣೆ. ಎರಡನೆಯ ತರಗತಿಯಲ್ಲಿ ಗುಂಪುಗಳು ಮಾದರಿಯ ಸ್ಥಿತಿಪತ್ರ ತಯಾರಿಸಿದವು. ವಸ್ತುವಿನ ಹೆಸರು, ಅಳತೆ, ಸಾಮಗ್ರಿ, ಬರಹಗಳು, ಹಾನಿ, ಹಿಂದೆ ಆದ ದುರಸ್ತಿ, ಈಗ ಮಾಡಿದ ಕೆಲಸ, ದಿನಾಂಕ, ಮಾಡಿದವರ ಹೆಸರು ಎಂಬ ಕಲಂಗಳಿದ್ದವು. 'ಕಾಲ' ಎಂಬ ಕಲಂ ಬಂದಾಗ ಚರ್ಚೆಯಾಯಿತು. ಉರ್ದು ಇದೆಯೆಂದರೆ ನಿಜಾಮರ ಕಾಲದ್ದೇ ಎಂದು ಹಲವರು ಬರೆದರು. ಉರ್ದು ಶಾಲೆಗಳು ಇಂದಿಗೂ ಇವೆಯಲ್ಲ ಎಂದು ಒಬ್ಬಳು ಎತ್ತಿ ಹೇಳಿದಳು. ಕೊನೆಗೆ 'ಚೀಟಿಯ ಭಾಷೆಯಿಂದ ಸಂಸ್ಥಾನದ ಕಾಲದ್ದಿರಬಹುದೆಂಬ ಊಹೆ. ಖಚಿತ ಆಧಾರವಿಲ್ಲ' ಎಂದು ಬರೆಯಲು ಒಪ್ಪಿದರು. ಪುರಾವೆಗೂ ಊಹೆಗೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಚಟುವಟಿಕೆ ನನಗೆ ತಿಳಿದಿಲ್ಲ.

ಮೌಲ್ಯಮಾಪನ. ಮೂರು ಪ್ರಶ್ನೆಗಳನ್ನು ಕೊಡಲಾಯಿತು. (1) ಹುಳಿಯಿಂದ ಹಿತ್ತಾಳೆ ಹೊಳೆಯುವುದೇಕೆ? (2) ಎರಡು ಟ್ಯೂಬಿನ ಅಂಟಿಗಿಂತ ಹಿಟ್ಟಿನ ಅಂಟು ಏಕೆ ಮೇಲು? (3) ಮುದಗಲ್ ಕೋಟೆಯ ಶಾಸನದ ಅಕ್ಷರಗಳು ಫೋಟೋದಲ್ಲಿ ಚೆನ್ನಾಗಿ ಕಾಣಲೆಂದು ಒಬ್ಬರು ಬಣ್ಣ ತುಂಬಲು ಹೊರಟಿದ್ದಾರೆ. ನೀವು ಏನು ಹೇಳುತ್ತೀರಿ? ಮೂರನೆಯದಕ್ಕೆ, ಬಣ್ಣದ ಬದಲು ಓರೆಯಾಗಿ ಟಾರ್ಚ್ ಬೆಳಕು ಬಿಟ್ಟರೆ ಅಕ್ಷರದ ನೆರಳು ಕಾಣುತ್ತದೆ ಎಂಬ ಉತ್ತರ ಬಂದಿತು. ತಜ್ಞರು ಮಾಡುವುದೂ ಅದನ್ನೇ.

ಮಾದರಿಗೆ ನಾವು ಮಾಡಿದ್ದು, ಮಾಡದೆ ಬಿಟ್ಟದ್ದು

ಧೂಳನ್ನು ಒಣ ಮೃದು ಬ್ರಷ್‌ನಿಂದ ತೆಗೆದೆವು. ಹುಳಿ ಹಚ್ಚಿದ್ದ ಭಾಗವನ್ನು ಮಾತ್ರ ಭಟ್ಟಿ ಇಳಿಸಿದ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಹಲವು ಸಲ ಒರೆಸಿ ಕೂಡಲೆ ಒಣಗಿಸಿದೆವು. ಮಂಕಾದ ಇನ್ನೊಂದು ಬದಿಯನ್ನು ಹಾಗೆಯೇ ಬಿಟ್ಟೆವು. ಭೂಮಿಯ ಗೋಳಕ್ಕೆ ನೀರು ಮುಟ್ಟಿಸಲಿಲ್ಲ; ಗೋಳದ ಮೇಲಿನ ಕಾಗದ ತೇವದಿಂದ ಉಬ್ಬಿ ಏಳುತ್ತದೆ. ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಂಭವ ಹೆಚ್ಚು. ಆದ್ದರಿಂದ ಮರಳುಕಾಗದದಿಂದ ಉಜ್ಜುವುದನ್ನು ಪೂರ್ತಿ ನಿಷೇಧಿಸಿದೆವು. ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ ಈ ಒಂದು ಸೂಚನೆಯನ್ನು ಎಲ್ಲ ಶಾಲೆಗಳೂ ಪಾಲಿಸಬೇಕು.

ಗಾಜಿನ ಬಾಗಿಲಿನ ಕಪಾಟಿನಲ್ಲಿ, ಬಿಸಿಲು ನೇರವಾಗಿ ಬೀಳದ ಗೋಡೆಗೆ ಮಾದರಿಯನ್ನು ಇಟ್ಟೆವು. ನಮ್ಮ ಭಾಗದ ಬೇಸಿಗೆಯಲ್ಲಿ ಮರ ಒಣಗಿ ಬಿರಿಯುತ್ತದೆ, ಮಳೆಗಾಲದಲ್ಲಿ ಹಿಗ್ಗುತ್ತದೆ. ಹವೆ ಒಮ್ಮೆಲೆ ಬದಲಾಗದಂತೆ ನೋಡಿಕೊಂಡರೆ ಅರ್ಧ ಸಂರಕ್ಷಣೆ ಆದಂತೆ. ಹಳೆಯ ಕಾಗದವಿರುವ ವಸ್ತುವಿಗೆ ಸಂಗ್ರಹಾಲಯಗಳು ಸುಮಾರು 50 ಲಕ್ಸ್‌ನಷ್ಟು ಮಂದ ಬೆಳಕನ್ನೇ ಕೊಡುತ್ತವೆ. ಶಾಲೆಯಲ್ಲಿ ಅಷ್ಟು ನಿಖರತೆ ಕಷ್ಟ. ಬಳಸದಾಗ ಬಟ್ಟೆಯ ಪರದೆ ಎಳೆದರೆ ಸಾಕು.

ತಿರುಗಿಸಿ ಕಲಿಯಲು ಮಕ್ಕಳಿಗೆ ಬೇರೆ ಮಾದರಿ ಬೇಕಲ್ಲ? ಅದಕ್ಕಾಗಿ ಚೆಂಡು, ಬಲ್ಬು, ಸೈಕಲ್ಲಿನ ಎರಡು ಸಮ ಹಲ್ಲುಚಕ್ರ ಮತ್ತು ಹಳೆಯ ಸರಪಳಿಯಿಂದ ಒಂದು ಪ್ರತಿಕೃತಿ ಮಾಡಿದೆವು. ಅದು ದಿನವೂ ತಿರುಗುತ್ತದೆ, ಕೆಟ್ಟರೆ ಸರಿಪಡಿಸಬಹುದು. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ, ಕಲಬುರಗಿಯ ವಿಜ್ಞಾನ ಕೇಂದ್ರದಲ್ಲಿ ಮಕ್ಕಳು ಗುಂಡಿ ಒತ್ತುವ, ಹಿಡಿಕೆ ತಿರುಗಿಸುವ ಮಾದರಿಗಳನ್ನು ಮುಟ್ಟಲೆಂದೇ ಮಾಡಿದ್ದಾರೆ. ಮುಟ್ಟಲು ಪ್ರತಿಕೃತಿ, ನೋಡಲು ಮೂಲ ಎಂಬ ವಿಂಗಡಣೆ ಮಾಡಿಕೊಂಡರೆ ಎರಡೂ ಉಳಿಯುತ್ತವೆ. ಪ್ರತಿಕೃತಿಯ ಜೊತೆ ಅಳತೆಯ ಲೆಕ್ಕವನ್ನೂ ಕೊಟ್ಟೆವು: ಭೂಮಿ 10 ಸೆಂ.ಮೀ. ಚೆಂಡಾದರೆ ಚಂದ್ರ 2.7 ಸೆಂ.ಮೀ. ಗುಂಡಾಗಿ 3 ಮೀಟರ್ ದೂರದಲ್ಲಿರಬೇಕು. ಸೂರ್ಯ ಸುಮಾರು 11 ಮೀಟರ್ ಅಗಲವಾಗಿ 1.2 ಕಿ.ಮೀ. ಆಚೆ ಇರಬೇಕು. ಯಾವ ಮಾದರಿಯೂ ಎಲ್ಲ ಸತ್ಯವನ್ನೂ ಒಟ್ಟಿಗೆ ತೋರಿಸಲಾರದು ಎಂಬುದು ಮಕ್ಕಳಿಗೆ ಇದರಿಂದ ತಿಳಿಯಿತು.

ಶಾಲೆಯ ಮಟ್ಟದಲ್ಲಿ ಇದಕ್ಕಿಂತ ಮುಂದೆ ಹೋಗಬಾರದು. ಹೆಚ್ಚಿನ ಕೆಲಸ ಬೇಕಾದರೆ ಲಖನೌದ ರಾಷ್ಟ್ರೀಯ ಸಾಂಸ್ಕೃತಿಕ ಸ್ವತ್ತು ಸಂರಕ್ಷಣಾ ಸಂಶೋಧನಾ ಪ್ರಯೋಗಾಲಯದ ಪ್ರಾದೇಶಿಕ ಘಟಕ ಮೈಸೂರಿನಲ್ಲಿದೆ; ಅಂಥ ತಜ್ಞರ ಸಲಹೆ ಪಡೆಯಬೇಕು.

ಅವಲೋಕನ

ಪಾಠದಲ್ಲಿ ಕೊರತೆಗಳೂ ಇದ್ದವು. ಪ್ರಯೋಗಕ್ಕೆ ಹೆಚ್ಚು ಸಮಯ ಹಿಡಿದು ವಿವರಣೆಯ ಕೊನೆಯ ಭಾಗ ಅವಸರವಾಯಿತು. ಭೂತಗನ್ನಡಿಗಳು ಕಡಿಮೆ ಇದ್ದುದರಿಂದ ಹಿಂದಿನ ಸಾಲಿನವರು ಸುಮ್ಮನೆ ಕುಳಿತರು. ಅಜ್ಜ ಬಂದು ಓದಿದ ಮಾತನ್ನು ಮಕ್ಕಳಿಗೆ ನಾವು ಹೇಳಿದೆವು. ಅವರನ್ನೇ ತರಗತಿಗೆ ಕರೆತಂದಿದ್ದರೆ ಪಾಠ ಇನ್ನೂ ಗಟ್ಟಿಯಾಗುತ್ತಿತ್ತು.

ಪ್ರಶಿಕ್ಷಣ ಕಾಲೇಜುಗಳಿಗೆ ನನ್ನ ಸಲಹೆ ಒಂದೇ. ಅಭ್ಯಾಸ ಬೋಧನೆಯ ಮೊದಲ ವಾರದಲ್ಲಿ ಶಾಲೆಯ ಹಳೆಯ ಉಪಕರಣಗಳ ಪಟ್ಟಿಯೊಂದನ್ನು ಪ್ರಶಿಕ್ಷಣಾರ್ಥಿಗಳಿಂದ ಮಾಡಿಸೋಣ. ಫೋಟೋ ತೆಗೆದು, ಬರಹವನ್ನು ಓದಬಲ್ಲವರಿಂದ ಓದಿಸಿ, ಬರೆದಿಟ್ಟ ಮೇಲೆ ಮಾತ್ರ ಬಟ್ಟೆ, ಬ್ರಷ್ ಕೈಗೆತ್ತಿಕೊಳ್ಳಲಿ.

ಕಪಾಟಿನ ಫಲಕವನ್ನು ಮಕ್ಕಳೇ ಬರೆದರು. ಅದರಲ್ಲಿ ಮಾದರಿಯ ಹೆಸರು, ಸಾಮಗ್ರಿ, ಸರಪಳಿ ತುಂಡಾದ ವಿಷಯ, ತೋಳಿನ ಒಂದು ಬದಿ ಈಚೆಗೆ ಹುಣಸೆಹಣ್ಣಿನಿಂದ ಉಜ್ಜಲ್ಪಟ್ಟ ವಿಷಯ ಎಲ್ಲವೂ ಇದೆ. ಸೂರ್ಯನ ಮುಂದೆ 'ಆಫ್ತಾಬ್', ಭೂಮಿಯ ಮುಂದೆ 'ಜಮೀನ್' ಎಂದು ಕನ್ನಡ ಲಿಪಿಯಲ್ಲಿ ಬರೆದಿದ್ದಾರೆ. ಚಂದ್ರನ ಮುಂದೆ ಏನು ಬರೆಯಬೇಕೆಂದು ಕೇಳಿದರು. ನಿಮಗೆ ಏನು ಸರಿ ಅನಿಸುತ್ತದೆ ಎಂದೆ. ಅವರು ಹೀಗೆ ಬರೆದರು: 'ಇಲ್ಲಿ ಒಂದು ಚೀಟಿ ಇತ್ತು. ಓದುವ ಮೊದಲೇ ನಾವು ತೆಗೆದುಬಿಟ್ಟೆವು.'